ಅತ್ತಿಯವರ ಧಾಬಳಿ ಮ್ಯಾಲೆ ಬೆಳವ ಗೂಡು ಕಟ್ಟಿದ್ದು

ಹನ್ನೆರಡು ಮನಿ ಕೂಡಿದ ನಮ್ಮ ವಾಡೇದೊಳಗ ಯಾರಿಗರೆ ಜ್ವರ ಬಂದು ಎಂಟು ದಿವಸಾದರೂ ಇಳೀಲಿಲ್ಲಂದ್ರ ನನಗ ಕರಿ ಬರತದ. ಔಷಧಾ ಕೊಡಲಿಕ್ಕಲ್ಲ, ಸೇವಾ ಮಾಡಲಿಕ್ಕೂ ಅಲ್ಲ. ತೋರಸಲಿಕ್ಕೆ. ನಾ ಹೋಗಿ ಹಾಸಗಿ ಮುಂದ ನಿಂದರಬೇಕು. ಮನಿ ಮಂದಿ ನನ್ನ ತೋಳು ಹಿಡದು ಮಲಗಿದವರಿಗೆ ತೋರಸತಾರ. ಇಕಿ ನೋಡು, ಇಪ್ಪತ್ತೆಂಟು ದಿವಸ ಜ್ವರದಾಗ ಬಿದ್ದಾಕಿ, ಬರೇ ಎಲುಬಿನ ಹಂದರ ಆಗಿದ್ಲು, ಈಗ ಹೆಂಗ ಆಗ್ಯಾಳ ನೋಡು ಅಂತಾರ. ಹೆಂಗ ಅಂದ್ರ ದಪ್ಪ ಅಂತ ಅರ್ಥ. ಮಲಗಿದವರಿಗೆ ಧೈರ್ಯ ಬರತದೋ, ಉಳದ ಮ್ಯಾಲೆ ಹಿಂಗ ಆಗಬೇಕಾಗತದ ಅಂತ ಅಂಜಿಕಿ ಬರತದೋ ನನಗ ಗೊತ್ತಿಲ್ಲ. ಆದ್ರ ಆ ಹಾಸಗಿ ಮ್ಯಾಲೆ ಮಲಗಿದಾಗ ಏನು ಬೇಕಾಗತದ ಅನ್ನೂದು ಮಾತ್ರ ಗೊತ್ತದ. ನಿಂತು ತೋರಿಸಿಕೊಳ್ಳೂದಕ್ಕಿಂತ ಅದನ್ನ ಬರದರ ಛಲೋ ಅನಸ್ತು.

ನಾವು ಧಾರವಾಡದವರು. ನಮ್ಮವರಿಗೆ ಮರಾಠಿ ಸೀಮ್ಯಾಗ, ದಂಡಿನ ಕ್ಯಾಂಪಿನೊಳಗ ಸರಕಾರಿ ಕಚೇರಿದಾಗ ಕಾರಕೂನಿಕಿ ಸಿಕ್ಕಿತ್ತು. ಸದಾಶಿವ ಪೇಠದ ಒಂದು ವಾಡೇದಾಗ ಮ್ಯಾಲಿನ ಮಜಲಿನ್ಯಾಗ ಮೂರು ಕೋಣಿ ಹಿಡದು ಮೂರು ಮಂದಿ ಇದ್ವಿ. ನಮ್ಮವರು, ನಾನು, ನಮ್ಮ ಅತ್ತಿಯವರು. ಲಗ್ನಾಗಿ ಐದು ವರ್ಷ ಆಗಿತ್ತು. ನನ್ನ ತಾಯಿ ನಾ ಸಣ್ಣಾಕಿ ಇದ್ದಾಗನ ತೀರಿಕೊಂಡಿದ್ರು. ಹಿಂಗಾಗಿ ನನಗ ಹೆಣ್ಣು ದಿಕ್ಕು ಅಂತ ಇದ್ದವರು ಅತ್ತಿಯವರೊಬ್ಬರ. ಆ ದಿಕ್ಕು ನನ್ನಿಂದ ಯಾವಾಗಲೂ ಎರಡು ಮೊಳ ದೂರ ಇರತಿತ್ತು.

ಯಾಕಂದ್ರ ಅವರು ಮಡಿ. ಇಪ್ಪತ್ತಾರನೇ ವಯಸ್ಸಿಗೆ ಗಂಡನ್ನ ಕಳಕೊಂಡು, ತಲಿ ಬೋಳಿಸಿಕೊಂಡು, ಕೆಂಪು ಸೀರಿ ಉಟ್ಟವರು. ಮುಂಜಾನೆ ತಣ್ಣೀರು ಸುರಕೊಂಡು ಮಡಿ ಉಟ್ಟರಂದ್ರ ರಾತ್ರಿ ಮಲಗೂತನಕ ಯಾರನ್ನೂ ಮುಟ್ಟತಿದ್ದಿಲ್ಲ. ಅವರ ಕೈಯಾಗ ಒಂದು ಬಿದಿರಿನ ಮಡಿಕೋಲು. ನಮ್ಮ ಮನಿ ಅರ್ಧ ವ್ಯವಹಾರ ಆ ಕೋಲಿನ ಮ್ಯಾಲೆ ನಡೀತಿತ್ತು. ನನಗ ಚಹಾ ಕೊಡಬೇಕಾದ್ರ ಬಟ್ಟಲಾ ನೆಲಕ್ಕಿಟ್ಟು, ಕೋಲಿನಿಂದ ಮೆಲ್ಲಕ ನನ್ನ ಕಡೆ ದೂಡತಿದ್ರು. ಒಂದು ಹನಿ ಚೆಲ್ಲತಿದ್ದಿಲ್ಲ. ಅಷ್ಟು ಹದಾ ಇತ್ತು ಅವರ ಕೈಗೆ.

ಆ ವರ್ಷ ಶ್ರಾವಣದಾಗ ನನಗ ಜ್ವರ ಬಂತು. ನಾಲ್ಕು ದಿವಸ ಕಷಾಯದಾಗ ಕಳದ್ವಿ. ಐದನೇ ದಿವಸ ನಮ್ಮವರು ಟಾಂಗಾದಾಗ ಕೂಡಿಸಿಕೊಂಡು ದವಾಖಾನಿಗೆ ಕರಕೊಂಡು ಹೋದ್ರು. ಅಲ್ಲೆ ಕಟ್ಟಿಗಿ ಬಾಕಿನ ಮ್ಯಾಲೆ ಕೂತು ಎರಡು ತಾಸು ಕಾದ್ವಿ. ನನ್ನ ಎಡಕ್ಕ ಗದ್ದಾ ಬಾತು ಕುಂಬಳಕಾಯಿ ಆದ ಒಬ್ಬ ಪೈಲ್ವಾನ, ಬಲಕ್ಕ ಒಬ್ಬ ಮುದುಕಿ. ಆ ಮುದುಕಿ ನನ್ನ ಮಾರಿ ನೋಡಿ, ತನ್ನ ತಂಗಿ ಮಗಳಿಗೂ ಹಿಂಗಽ ಆಗಿತ್ತು ಅಂತ ಮರಾಠಿಯೊಳಗ ಕಥಿ ಸುರು ಮಾಡಿದ್ಲು. ಮುಂದ ಆಕಿಗೆ ಏನಾತು ಅಂತ ನಾ ಕೇಳೂದರಾಗ ಒಳಗ ಕರದ್ರು. ಇವತ್ತಿಗೂ ನನಗ ಆ ತಂಗಿ ಮಗಳದ್ದು ಗೊತ್ತಾಗಿಲ್ಲ.

ಡಾಕ್ಟರರು ನಾಲಿಗಿ ನೋಡಿದ್ರು, ಹೊಟ್ಟಿ ಒತ್ತಿದ್ರು, ಎಲ್ಲಿ ನೀರು ಕುಡೀತೀರಿ ಅಂತ ಕೇಳಿದ್ರು. ಮುದತಿ ಜ್ವರ, ಟೈಫಾಯಿಡ್ ಅಂದ್ರು. ಇಪ್ಪತ್ತೊಂದನೇ ದಿವಸಕ್ಕ ಬಿಟ್ಟರ ಬಿಡತದ, ಇಲ್ಲಾಂದ್ರ ಇನ್ನೊಂದು ವಾರ. ಇದಕ್ಕ ಔಷಧಿಲ್ಲ, ಸೇವಾ ಒಂದಽ ಔಷಧ ಅಂತ ಹೇಳಿದ್ರು. ಎದ್ದು ಕೂಡೂದಿಲ್ಲ. ಹಾಲು, ಬಾರ್ಲಿ ನೀರು, ಮೋಸಂಬಿ ರಸ ಬಿಟ್ಟು ಬಾಯಾಗ ಒಂದು ಅನ್ನದಗಳು ಬಿದ್ದರ ಕರುಳು ಹರಿದು ಜೀವ ಹೋಗತದ. ತಾಸಿಗೊಮ್ಮೆ ಹಣಿಗೆ ತಣ್ಣೀರ ಪಟ್ಟಿ. ದೊಡ್ಡ ಕಿಟಕಿ ಇದ್ದ ಕೋಣ್ಯಾಗ ಮಲಗಸ್ರಿ ಅಂದ್ರು. ಇಷ್ಟೆಲ್ಲಾ ಹೇಳಿ ಒಂದು ಬಾಟಲಿ ಕೆಂಪು ಔಷಧಾನೂ ಕೊಟ್ಟರು. ಔಷಧಿಲ್ಲದ ಜ್ವರಕ್ಕ ಔಷಧ ಯಾಕ ಅಂತ ಕೇಳೋ ತ್ರಾಣ ನನಗಿದ್ದಿಲ್ಲ.

ದೊಡ್ಡ ಕಿಟಕಿ ಇದ್ದದ್ದು ನಡುವಿನ ಕೋಣಿಗೆ ಮಾತ್ರ. ಅದು ಅತ್ತಿಯವರ ಮಡಿ ಕೋಣಿ. ಅಲ್ಲಿ ತೊಲಿಗೆ ಹಗ್ಗಾ ಕಟ್ಟಿ ಎತ್ತರಕ್ಕ ಜೋಡು ಬಿದಿರಿನ ಗಳ ತೂಗು ಹಾಕಿದ್ರು. ಮಡಿ ಸೀರಿ ಒಣಗೂದು ಅಲ್ಲೆ. ಕಿಟಕಿ ಕಡೆ ತುದಿಗೆ ಎರಡೂ ಗಳದ ಮ್ಯಾಲೆ ಹಾಸಿದಂಗ ಅವರ ಧಾಬಳಿ ಮಡಚಿ ಇಟ್ಟಿರತಿದ್ರು. ಧಾಬಳಿ ಅಂದ್ರ ಉಣ್ಣಿ ಬಟ್ಟಿ, ಸೀರಿ ಒಣಗದಿದ್ದ ದಿವಸ ಮಡಿಗೆ ಉಡೂದು. ಅದು ಅವರ ತಾಯಿಯಿಂದ ಬಂದದ್ದು. ಜಡ್ಡಿನ ಹಾಸಗಿ ಆ ಕೋಣ್ಯಾಗ ಬರತದ ಅಂದಾಗ ಒಂದು ದಿವಸಪೂರ್ತಿ ಮನ್ಯಾಗ ಚರ್ಚಾ ನಡೀತು. ಕಡೀಕೆ ಅತ್ತಿಯವರು ರಂಗೋಲಿ ಡಬ್ಬಿ ತಂದು ಕೋಣಿ ನಡುವ ಒಂದು ಗೆರಿ ಎಳದ್ರು. ಆಚೆ ಜಡ್ಡು, ಈಚೆ ಮಡಿ. ಗೆರಿ ದಾಟಿ ಬರೂದು ಕೋಲು ಮಾತ್ರ, ಅದೂ ಬಾರ್ಲಿ ನೀರು ದೂಡಲಿಕ್ಕೆ.

ಹಗಲಿನಾಗ ನಮ್ಮವರು ಕಚೇರಿಗೆ ಹೋದ್ರ ನನ್ನ ಹಣಿಗೆ ಪಟ್ಟಿ ಹಾಕಲಿಕ್ಕೆ ಬಾಜೂ ಮನಿ ಕಾಕೂ ಬರತಿದ್ಲು. ಛಲೋ ಮನಿಷ್ಯಾಳು. ಬಾಯಿಗೆ ಬೀಗಿಲ್ಲ ಅಷ್ಟ.

ಬೆಳವಗಳು, ಅಂದ್ರ ಸಣ್ಣ ಪಾರಿವಾಳದಂಥ ಆ ಬೂದು ಹಕ್ಕಿಗಳು, ಬಂದದ್ದು ಒಂಬತ್ತನೇ ದಿವಸ. ಕಿಟಕಿ ಸರಳಿನ ಮ್ಯಾಲೆ ಮೊದಲು ಗಂಡು ಬಂತು. ಕುತ್ತಿಗಿ ಕುಣಿಸಿ ಗುಟುರು ಹಾಕಿ, ಮನಿ ನೋಡಲಿಕ್ಕೆ ಬಂದ ಬಾಡಿಗಿದಾರರಂಗ ಮ್ಯಾಲೆ ಕೆಳಗ ನೋಡ್ತು. ಧಾಬಳಿ ಮ್ಯಾಲೆ ಇಳದು ನಾಲ್ಕು ಹೆಜ್ಜಿ ಅಡ್ಡಾಡ್ತು. ಮರುದಿವಸ ಹೆಂಡತಿನ್ನ ಕರಕೊಂಡು ಬಂತು. ಆಮ್ಯಾಲೆ ಕಡ್ಡಿ ತರೂದು ಸುರು. ಬೆಳವಕ್ಕ ಗೂಡು ಕಟ್ಟಲಿಕ್ಕೆ ಬರೂದಿಲ್ಲ ಅನ್ನೂದನ್ನ ನಾ ಕಣ್ಣಾರೆ ನೋಡೀನಿ. ಹತ್ತು ಕಡ್ಡಿ ತಂದ್ರ ಆರು ನನ್ನ ಹಾಸಗಿ ಮ್ಯಾಲೆ ಬೀಳತಿದ್ದವು. ಉಳದ ನಾಲ್ಕನ್ನ ಹೆಣ್ಣು ಹೊಟ್ಟಿ ಕೆಳಗ ಹಿಂದ ಮುಂದ ಸರಿಸಿ, ಆತು ಮನಿ, ಅಂತ ಕೂತು ಬಿಡ್ತು. ಹನ್ನೆರಡನೇ ದಿವಸಕ್ಕ ಎರಡು ಬಿಳೇ ಮೊಟ್ಟಿ.

ನನಗ ನೋಡಲಿಕ್ಕೆ ಬ್ಯಾರೆ ಏನಿತ್ತು? ಗಂಡು ಹೆಣ್ಣು ಪಾಳಿ ಹಚ್ಚಿಕೊಂಡಿದ್ದವು. ರಾತ್ರಿಪೂರ್ತಿ ಹೆಣ್ಣು ಕೂಡತಿತ್ತು. ನಮ್ಮವರು ಕಚೇರಿಗೆ ಹೊಂಟ ಹೊತ್ತಿಗೆ ಗಂಡು ಬಂದು, ಹೆಣ್ಣನ್ನ ಎಬ್ಬಿಸಿ ಕಳಿಸಿ, ಸಂಜೀತನಕ ತಾನು ಕಾವಿಗೆ ಕೂಡತಿತ್ತು. ಇದನ್ನ ನಮ್ಮವರಿಗೆ ತೋರಿಸಿ, ನೋಡ್ರಿ ಗಂಡಸರು ಮನ್ಯಾಗ ಕೂತು ಮಾಡೋ ಕೆಲಸಾನೂ ಇರತಾವ ಅಂದೆ. ಅವರು ಕೋಟಿನ ಗುಂಡಿ ಹಾಕ್ಕೋತ, ಅದಕ್ಕ ಸಾಹೇಬರಿಲ್ಲ ಅಂದು ಹೋದ್ರು.

ಅತ್ತಿಯವರ ಸಂಕಟ ಬ್ಯಾರೇನ ಇತ್ತು. ಮಡಿ ಬಟ್ಟಿ ಎಲ್ಲಾ ಆ ಗಳದ ಮ್ಯಾಲೆ. ಕೋಲಿನಿಂದ ಒಂದು ಸೀರಿ ಜಗ್ಗಿದ್ರ ಜೋಡು ಗಳ ತೂಗತಾವ, ನಾಲ್ಕು ಕಡ್ಡಿ ಗೂಡಿನಿಂದ ಮೊಟ್ಟಿ ಉರುಳತಾವ. ಮೊಟ್ಟಿ ಒಡದ್ರ ಭ್ರೂಣಹತ್ಯಾ. ಎತ್ತಿ ಬ್ಯಾರೆ ಕಡೆ ಇಡಬೇಕಂದ್ರ ಮೊಟ್ಟಿ ಮುಟ್ಟಬೇಕು. ಉಳ್ಳಾಗಡ್ಡಿ ಹೆಚ್ಚಿದ ಮನಿ ನೀರು ಸೈತ ಕುಡೀಲಾರದವರು ಮೊಟ್ಟಿ ಮುಟ್ಟೂದುಂಟ? ನಮ್ಮವರು ಹೊರಗ ಪಡಸಾಲ್ಯಾಗ ಒಂದು ಹಗ್ಗಾ ಕಟ್ಟಿಕೊಡತೀನಿ ಅಂದ್ರು. ಅಲ್ಲಿ ವಾಡೇದ ಹನ್ನೆರಡು ಮನಿ ಮಂದಿ ಮೈ ತಿಕ್ಕಿಕೊಂಡು ಅಡ್ಡಾಡತಾರ, ಅದು ಒಂದು ಮಡಿಯೇನೋ ಅಂತ ಬೈಸಿಕೊಂಡ್ರು.

ಒದ್ದಿ ಬಟ್ಟಿನೂ ಮಡೀನ. ಹಿಂಗಾಗಿ ಅತ್ತಿಯವರು ಮೈಮ್ಯಾಲಿದ್ದ ಒಂದಽ ಸೀರಿ ದಿನಾ ತೊಯಿಸಿ ತೊಯಿಸಿ ಉಟ್ಟು ಅಡಗಿ ಮಾಡಿದ್ರು. ಶ್ರಾವಣದ ಥಂಡಿ. ಮೂರನೇ ದಿವಸಕ್ಕ ಒಲಿ ಮುಂದ ಕೂತು ಸೀನಲಿಕ್ಕೆ ಹತ್ತಿದ್ರು. ನಾಲ್ಕನೇ ದಿವಸ ನನ್ನ ನೋಡಲಿಕ್ಕೆ ಬಂದ ಡಾಕ್ಟರರು ಅವರ ಕೆಮ್ಮು ಕೇಳಿ, ಈ ಮನ್ಯಾಗ ನಾ ಒಬ್ಬರಿಗಿಂತ ಹೆಚ್ಚು ಜಡ್ಡಿನವರನ್ನ ಒಪ್ಪಿಕೊಂಡಿಲ್ಲ ಅಂತ ಗದರಿಸಿದ್ರು. ಒಣಾ ಸೀರಿ ಉಡದಿದ್ರ ನಾಳೆಯಿಂದ ನಾ ಬರೂದಿಲ್ಲ ಅಂದ್ರು. ಅತ್ತಿಯವರು ನನ್ನ ಕಡೆ ನೋಡಿದ್ರು, ಗಳದ ಕಡೆ ನೋಡಿದ್ರು. ಒಳಗ ಹೋಗಿ ಪೆಟಿಗ್ಯಾಗಿನ, ನಾವೆಲ್ಲಾ ಮುಟ್ಟಿದ ಒಂದು ಸೀರಿ ಉಟಗೊಂಡು ಬಂದ್ರು. ಐದು ವರ್ಷದಾಗ ಮೊದಲನೇ ಸಲ ನಮ್ಮ ಮನ್ಯಾಗ ಮಡಿ ನಿಂತಿತು.

ಮಡಿ ಇಲ್ಲದ ಅಡಗಿ ಅವರು ಬಾಯಾಗ ಹಾಕೂದಿಲ್ಲ. ಹಿಂಗಾಗಿ ನಮ್ಮವರಿಗೆ ಖಾನಾವಳಿ ಊಟ, ಅತ್ತಿಯವರಿಗೆ ಹಾಲು, ಬಾಳಿಹಣ್ಣು. ನನಗ ಹಾಲು, ಬಾರ್ಲಿ ನೀರು. ಅತ್ತಿ ಸೊಸಿ ಗೆರಿ ಆಚೆ ಒಬ್ಬರು ಈಚೆ ಒಬ್ಬರು, ಇಬ್ಬರೂ ಹಸಕೊಂಡು, ಗಳದ ಮ್ಯಾಲೆ ಆರಾಮ ಕೂತ ಬೆಳವನ್ನ ನೋಡಕೋತ ಇದ್ವಿ. ಖರೇ ಹೇಳಬೇಕಂದ್ರ ನನಗ ಆಗ ದೇವರ ಧ್ಯಾನಕ್ಕಿಂತ ಬಿಸಿ ಅನ್ನ, ಮ್ಯಾಲೆ ತುಪ್ಪ, ಕಟ್ಟಿನ ಸಾರು ಇವುಗಳ ಧ್ಯಾನಾನ ಹೆಚ್ಚು ಇತ್ತು. ಒಮ್ಮೆ ಅತ್ತಿಯವರಿಗೆ, ಸಾಯೂದಿದ್ರ ಸಾರನ್ನ ಉಂಡು ಸಾಯತೀನ್ರಿ ಅಂದೆ. ಸಾಯಿ, ಆದ್ರ ಸಾರು ಮಾಡಲಿಕ್ಕೆ ಮಡಿ ಇಲ್ಲ ಅಂದ್ರು.

ಮಡಿ ಹೋದರೂ ಕೋಲು ಹೋಗಿದ್ದಿಲ್ಲ. ಅವರು ಗೆರಿ ದಾಟತಿದ್ದಿಲ್ಲ. ಅಷ್ಟು ವರ್ಷದ ರೂಢಿ, ಕಾಲು ಬರಬೇಕಲ್ಲ. ನನಗ ಒಳಗೊಳಗ ಭಾಳ ಕೆಟ್ಟ ಅನಸ್ತಿತ್ತು. ಈಗರೆ ಬಂದು ಹಣಿ ಮ್ಯಾಲೆ ಒಂದು ಕೈ ಇಡಬಾರದ? ನಾ ಸತ್ತರ ಕೋಲಿನಿಂದನ ದೂಡಿ ಕಳಸತಾರೇನೋ ಅಂತ ಅನಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಅತ್ತೀನಿ.

ಇಪ್ಪತ್ತನೇ ದಿವಸ ಕಾಕೂನ ಕಣ್ಣು ಗೂಡಿನ ಮ್ಯಾಲೆ ಬಿತ್ತು. ಅಲ್ಲೀತನಕ ಅದು ಧಾಬಳಿ ಮಡಿಕಿಯೊಳಗ ಆಕಿಗೆ ಕಂಡಿದ್ದಿಲ್ಲ. ಮನಿಯೊಳಗ ಹೋಲಾ, ಅಂದ್ರ ಬೆಳವ, ಹೊಕ್ಕರ ಮನುಷ್ಯಾರನ್ನ ಒಯ್ಯತದ, ಶಾಂತಿ ಮಾಡಸಬೇಕು, ಹೋಮಾ ಆಗಬೇಕು ಅಂತ ಮರಾಠಿಯೊಳಗ ನನ್ನ ತಲಿ ಮ್ಯಾಲೇನ ನಿಂತು ಹೇಳಿದ್ಲು. ಹೋಮದ ಹೊಗಿ ಈ ಕೋಣ್ಯಾಗ ಬಂದ್ರ ನಾನ ಈಕಿನ್ನ ದವಾಖಾನಿಗೆ ಒಯ್ಯತೀನಿ ಅಂತ ಸಂಜಿಗೆ ಬಂದ ಡಾಕ್ಟರರು ಬೈದ್ರು. ಮರುದಿವಸ ಕಾಕೂ ಪಟ್ಟಿ ಹಾಕಲಿಕ್ಕೆ ಬರಲಿಲ್ಲ. ಮನ್ಯಾಗ ಮಕ್ಕಳು ಮರಿ ಅದಾವ, ಅಂಜಿಕಿ ಬರತದ ಅಂತ ಹೇಳಿ ಕಳಿಸಿದ್ಲು.

ಆ ಮರುದಿವಸನ ಇಪ್ಪತ್ತೊಂದನೇ ದಿವಸ. ಜ್ವರ ಬಿಡಬೇಕಾದ ದಿವಸ. ಅದು ಬಿಡಲಿಲ್ಲ, ಏರ್ತು. ಮಧ್ಯಾಹ್ನಕ್ಕ ನಾನು ಬಡಬಡಸಲಿಕ್ಕೆ ಹತ್ತಿದ್ದೆನಂತ. ಕಚೇರಿಯಿಂದ ನಮ್ಮವರು ಬರಲಿಕ್ಕೆ ಇನ್ನೂ ನಾಲ್ಕು ತಾಸು ಇತ್ತು. ನನಗ ಎಲ್ಲಾ ಅರ್ಧಂಬರ್ಧಾ ನೆನಪು. ಕಿಟಕಿ ಬೆಳಕು ನೆನಪದ. ಅತ್ತಿಯವರು ಗಳದ ಕೆಳಗ ನಿಂತು, ಕೋಲು ಎತ್ತಿ ಗಂಡು ಬೆಳವನ ಎದಿಗೆ ಹಿಡದದ್ದು ನೆನಪದ. ಹೊಡದು ಹಾಕೇ ಬಿಡತಾರ ಅನಕೊಂಡೆ. ಅದು ಹಾರಿ ಹೋಗಲಿಲ್ಲ. ಮೈ ಉಬ್ಬಿಸಿ, ಕೆಂಪು ಕಣ್ಣು ಬಿಟಗೊಂಡು, ಮೊಟ್ಟಿ ಬಿಟ್ಟು ಏಳದ ಕೂತಿತ್ತು.

ಅತ್ತಿಯವರು ಭಾಳ ಹೊತ್ತು ಹಂಗಽ ನಿಂತಿದ್ರು. ಆಮ್ಯಾಲೆ ಕೋಲು ಇಳಿಸಿದ್ರು.

"ನಿನ್ನ ಮೊಟ್ಟಿಗೆ ನಾ ಕೈ ಹಚ್ಚೂದಿಲ್ಲ," ಅಂದ್ರು ಹಕ್ಕಿಗೆ, ಬಾಜಾರದಾಗ ಮಾತು ಮುಗಸೂ ದನಿಯೊಳಗ. "ನನ್ನ ಸೊಸಿನ್ನ ನೀ ಒಯ್ಯೂದಿಲ್ಲ. ತಿಳೀತ?"

ಕೋಲು ಗ್ವಾಡಿಗೆ ಆನಿಸಿದ್ರು. ರಂಗೋಲಿ ಗೆರಿ ಮ್ಯಾಲೆ ಕಾಲಿಟ್ಟು ದಾಟಿ ಬಂದು, ನೆಲದ ಮ್ಯಾಲೆ ಕೂತು, ನನ್ನ ತಲಿ ಎತ್ತಿ ತೊಡಿ ಮ್ಯಾಲೆ ಇಟಗೊಂಡ್ರು. ಹಣಿ ಮ್ಯಾಲೆ ಅಂಗೈ ಇಟ್ಟರು. ಒರಟು ಕೈ, ಒಲಿ ಬೂದಿ ವಾಸನಿ ಕೈ. ಇಷ್ಟು ದಿವಸ ನನಗ ಬೇಕಾಗಿದ್ದು ಅದಽ. ಬಾಟಲಿ ಔಷಧಕ್ಕಿಂತ, ಮೋಸಂಬಿ ರಸಕ್ಕಿಂತ, ಸಾರನ್ನಕ್ಕಿಂತ ಸೈತ ಬೇಕಾಗಿತ್ತು.

"ಅಯ್ಯ, ಕಾದ ಹಂಚು ಆಗ್ಯಾಳಲ್ಲ ಹುಡಿಗಿ," ಅಂದ್ರು.

ಆವತ್ತು ಸಂಜೀತನಕ ಅವರು ಪಟ್ಟಿ ಬದಲಿ ಮಾಡಿದ್ರು. ನಮ್ಮವರು ಬಂದು ಬಾಗಿಲದಾಗ ನಿಂತು, ತಾಯಿ ತೊಡಿ ಮ್ಯಾಲೆ ಹೆಂಡತಿ ತಲಿ ಕಂಡು, ನಾ ಹೋಗೇ ಬಿಟ್ಟೆ ಅಂತ ತಿಳಕೊಂಡು ಗೊಳೋ ಅಂತ ಅಳಲಿಕ್ಕೆ ಹತ್ತಿದ್ರಂತ. ಅತ್ತಿಯವರು, ಬಾಯಿ ಮುಚ್ಚು, ಈಗ ಕಣ್ಣು ಹತ್ತ್ಯಾವ, ಎಬ್ಬಿಸಿದ್ರ ನೋಡು ಅಂದ್ರಂತ.

ಜ್ವರ ಬಿಟ್ಟದ್ದು ಇಪ್ಪತ್ತೆಂಟಕ್ಕ. ಮೊಟ್ಟಿ ಒಡದು ಮರಿ ಬಂದದ್ದು ಅದಕ್ಕ ಎರಡು ದಿವಸ ಮೊದಲು. ಅಷ್ಟು ಕುರೂಪ ಮಕ್ಕಳನ್ನ ನಾ ಎಲ್ಲೂ ನೋಡಿಲ್ಲ. ಮೈಮ್ಯಾಲೆ ಹಳದಿ ಕೂದಲಾ, ಮೂಗಿಗೆ ತಕ್ಕ ಮಾರಿ ಇಲ್ಲ. ತಾಯಿ ಬಾಯಾಗ ಮೂತಿ ಹಾಕಿ ಹಾಲಿನಂಥಾದ್ದು ಏನೋ ಕುಡೀತಿದ್ದವು. ನಮ್ಮ ಮನ್ಯಾಗ ಆಗ ನಾಲ್ಕು ಜೀವ ಹಾಲಿನ ಮ್ಯಾಲೆ ಇದ್ದವು. ಅವೆರಡು ಮಾತ್ರ ಅದರಾಗ ದಪ್ಪ ಆದವು.

ಜ್ವರ ಬಿಟ್ಟ ಮ್ಯಾಲೆ ನನ್ನ ಕೂದಲಾ ಉದರಲಿಕ್ಕೆ ಹತ್ತಿದವು. ಹಿಡಿ ಹಿಡಿ. ಮಣಕಾಲತನಕ ಇದ್ದ ಜಡಿ ನನ್ನದು, ಎಂಟು ದಿವಸದಾಗ ತಲಿ ಬುರುಡಿ ಕಾಣಲಿಕ್ಕೆ ಹತ್ತಿತು. ಉಳದದ್ದನ್ನ ಡಾಕ್ಟರರು ಹೇಳಿ ಕತ್ತರಿಸಿಬಿಟ್ಟರು. ಮುತ್ತೈದಿ ತಲಿ ಹಂಗಾಗಬಾರದು. ನಾ ಕನ್ನಡಿ ಒಗದು ಅತ್ತೆ. ಅತ್ತಿಯವರು ನನ್ನ ತಲಿ ನೋಡಿದವರನ ಮಾರಿ ತಿರುವಿದ್ರು. ತಮ್ಮ ತಲಿ ಮ್ಯಾಲಿನ ಸೆರಗು ಮುಂದ ಎಳಕೊಂಡು ಎದ್ದು ಹೋದ್ರು. ಸಿಟ್ಟು ಬಂತೇನೋ ಅನಕೊಂಡೆ. ತಿರುಗಿ ಬರುವಾಗ ಕೈಯಾಗ ಎಣ್ಣಿ ಬಟ್ಟಲಾ ಇತ್ತು.

"ನನ್ನ ತಲಿ ಮಾತು ಬ್ಯಾರೆ," ಅಂದ್ರು. "ನಿನ್ನ ತಲಿ ಬೆಳೀಲೇಬೇಕು."

ದಿನಾ ಮಧ್ಯಾಹ್ನ ನನ್ನ ಬೋಳು ತಲಿಗೆ ಎಣ್ಣಿ ಹಚ್ಚಿ ತಿಕ್ಕತಿದ್ರು. ತಿಕ್ಕೋತ, ಯಾರಿಗೂ ಹೇಳಿರಲಾರದ್ದು ಹೇಳತಿದ್ರು. ಅವರ ಜಡಿನೂ ಸೊಂಟದ ಕೆಳಗ ಬರತಿತ್ತಂತ. ಕ್ಷೌರದವ ಬಂದ ದಿವಸ ಎಂಟು ವರ್ಷದ ಮಗ, ಅಂದ್ರ ನಮ್ಮವರು, ಅಂಜಿ ಅಟ್ಟದ ಮ್ಯಾಲೆ ಏರಿ ಕೂತು, ಎರಡು ದಿವಸ ತಾಯಿ ಹತ್ತರ ಬರಲಿಲ್ಲಂತ. ಅವರ ಕೈ ನಿಂತಾಗ, ಇನ್ನೂ ಸ್ವಲ್ಪ ತಿಕ್ಕರಿ ಅಂದೆ.

ನಲವತ್ತನೇ ದಿವಸಕ್ಕ ಮರಿ ಹಾರಿದವು. ಒಂದು ಹಾರ್ತು, ಇನ್ನೊಂದು ನನ್ನ ಹಾಸಗಿ ಮ್ಯಾಲೆ ದೊಪ್ಪಂತ ಬಿದ್ದು, ನನ್ನ ಮಾರಿ ನೋಡಿ ಅಂಜಿ ಹಾರ್ತು. ನಮ್ಮವರು ಗಳ ಇಳಿಸಿ ತೊಳದ್ರು. ಧಾಬಳಿ ಗತಿ ಕೇಳಬ್ಯಾಡ್ರಿ. ಮೂರು ಸಲ ತೊಳದು, ಗೋಮೂತ್ರ ಸಿಂಪಡಿಸಿ, ಮತ್ತ ಮ್ಯಾಲೆ ಏರಿಸಿದ್ರು. ಮರುದಿವಸ ಮುಂಜಾನೆ ಅತ್ತಿಯವರು ಮಡಿ ಉಟ್ಟು ಅನ್ನಾ ಸಾರು ಮಾಡಿದ್ರು. ನನಗ ಪಥ್ಯದ ಮೊದಲನೇ ತುತ್ತು. ತಾಟು ನೆಲಕ್ಕಿಟ್ಟು ಕೋಲಿನಿಂದ ನನ್ನ ಕಡೆ ದೂಡಿದ್ರು.

ಎಷ್ಟು ದಿವಸ ಕಾದ ಅನ್ನ ಅದು. ಉಂಡೆ, ಕಣ್ಣೀರು ಹಾಕ್ಕೋತ ಉಂಡೆ. ಬೆಳವಗಳ ಮ್ಯಾಲೆ ನನಗ ಹೊಟ್ಟಿ ಉರೀತು. ಇನ್ನೊಂದು ಹದಿನೈದು ದಿವಸ ಇದ್ದಿದ್ರ ಅವುಗಳ ಗಂಟು ಏನು ಹೋಗತಿತ್ತು? ಎಣ್ಣಿ ಬಟ್ಟಲಾನೂ ಆಮ್ಯಾಲೆ ಕೋಲಿನ ಮುಂದನ ಬಂತು. ನಾನಽ ಹಚ್ಚಿಕೊಂಡೆ.

ಮುಂದ ಒಂದು ವರ್ಷ ಮನಿ ಮೊದಲಿನಂಗ ನಡೀತು. ನಾ ದಪ್ಪ ಆದೆ. ಕೂದಲಾ ಕುತ್ತಿಗಿತನಕ ಬಂದ್ವು. ನಾ ಜಡಿ ಹಾಕ್ಕೊಳ್ಳಲಿಕ್ಕೆ ನೋಡಿದ್ರ ಇಲಿ ಬಾಲದಷ್ಟೂ ಆಗತಿದ್ದಿಲ್ಲ, ಕೈಯಿಂದ ಜಾರಿ ಬಿಚ್ಚತಿತ್ತು. ಅತ್ತಿಯವರು ಒಲಿ ಮುಂದ ಕೂತು ಅದನ್ನ ಓರೆಗಣ್ಣಿಲೆ ನೋಡತಿದ್ರು. ಕೂದಲಾ ಮುಟ್ಟಿದ್ರ ಮಡಿ ಕೆಡತದ, ಮತ್ತ ತಣ್ಣೀರು ಸುರಕೋಬೇಕು. ಅವರ ಕೆಮ್ಮು ಹೋದ ಶ್ರಾವಣದಿಂದ ಪೂರಾ ಹೋಗಿದ್ದಿಲ್ಲ, ಡಾಕ್ಟರರು ಎರಡನೇ ಸ್ನಾನ ಬ್ಯಾಡ ಅಂದಿದ್ರು. ನಾನೂ ಬರ್ರಿ ಅನ್ನಲಿಲ್ಲ.

ಮತ್ತ ಶ್ರಾವಣ ಬಂತು. ಒಂದು ದಿವಸ ಮಧ್ಯಾಹ್ನ ನೀರು ತುಂಬಿ ಮ್ಯಾಲೆ ಬಂದೆ. ನಡುವಿನ ಕೋಣಿ ಕಿಟಕಿ ಪೂರಾ ತಗದಿತ್ತು. ಅತ್ತಿಯವರು ಗಳದ ಕೆಳಗ ತುದಿಗಾಲ ಮ್ಯಾಲೆ ನಿಂತು, ಕೋಲಿನ ತುದಿಯಿಂದ ಧಾಬಳಿ ನಡುವ ಒತ್ತಿ ಒತ್ತಿ ಸಣ್ಣ ಕುಣಿ ಮಾಡಲಿಕ್ಕತ್ತಿದ್ರು. ಕಾಲ ಹತ್ತರ ನಮ್ಮ ಕಸಬರಿಗಿ ಬಿದ್ದಿತ್ತು. ಅದರಾಗಿನ ಕಡ್ಡಿ ಮುರದು, ಒಂದೊಂದ ಕೋಲಿನ ತುದಿಗೆ ಇಟ್ಟು, ಮೆಲ್ಲಕ ಎತ್ತಿ ಧಾಬಳಿ ಮ್ಯಾಲೆ ಜೋಡಸಲಿಕ್ಕತ್ತಿದ್ರು. ಕಸಬರಿಗಿ ಕಡ್ಡಿ, ಮಡಿ ಧಾಬಳಿ ಮ್ಯಾಲೆ. ನನ್ನ ಕೊಡದ ಸಪ್ಪಳ ಕೇಳಿ ತಿರುಗಿ ನೋಡಿದ್ರು. ಮಾರಿ ಕೆಂಪಾತು.

"ಏನು ನೋಡತಿ? ಕಸಾ ಬಿದ್ದಿತ್ತು, ತಗದು ಮ್ಯಾಲೆ ಇಟ್ಟೆ," ಅಂದ್ರು.

ಹೌದ್ರಿ ಅಂದೆ. ಕೊಡಾ ಇಳಿಸಿ ಒಳಗ ಹೋದೆ.

ನಾಲ್ಕನೇ ದಿವಸ ಬೆಳವಗಳು ಬಂದ್ವು. ಕಟ್ಟಿಟ್ಟ ಮನಿ ಕಂಡು ಗಂಡು ಒಂದು ಸುತ್ತು ಕುಣೀತು, ಹೆಣ್ಣು ಕೂತು ನೋಡ್ತು, ಎದ್ದು ಒಂದು ಕಡ್ಡಿ ಸರಿಸಿ ಮತ್ತ ಕೂತಿತು. ಅತ್ತಿಯವರು ಬಾಗಿಲದಾಗ ನಿಂತು ದೊಡ್ಡ ಉಸಿರು ಬಿಟ್ಟರು. ಹೋತು, ಮಡಿ ಹೋತು, ಈ ಹಾಳು ಹಕ್ಕಿ ಕಾಲಾಗ ಸಾಕಾಗಿ ಹೋತು ಅಂತ ವಾಡೇದವರಿಗೆಲ್ಲಾ ಕೇಳೂವಂಗ ಬೈದ್ರು. ಕೋಲು ಒಯ್ದು ಮೂಲಿಗೆ ಇಟ್ಟರು. ಗ್ವಾಡಿ ಗೂಡಿನ್ಯಾಗಿನ ಹಣಿಗಿ, ಎಣ್ಣಿ ಬಟ್ಟಲಾ ತಗೊಂಡು ಬಂದು ನನ್ನ ಹಿಂದ ನೆಲದ ಮ್ಯಾಲೆ ಕೂತ್ರು.

"ಇನ್ನೇನು, ಹ್ಯಾಂಗೂ ಮಡಿ ಇಲ್ಲ," ಅಂದ್ರು. "ಸರಿ ಇತ್ತಾಗ. ಜಡಿ ಹಾಕತೀನಿ."